ಕನ್ನಡ ವೆಬ್‌ಸೈಟ್‌ಗೆ ಡೊಮೈನ್ ಹೆಸರು: ಹೈಫನ್ ಹಾಕಲೇ, ಬೇರೆ ಎಕ್ಸ್‌ಟೆನ್ಶನ್ ತಗೊಳ್ಳಲೇ, ಕನ್ನಡ ಲಿಪಿಯಲ್ಲೇ ಮಾಡಿಸಲೇ?

ಮಲ್ಲಿಗೆಬಳ್ಳಿ ಕೇಳಿದ್ದು:

ಮನೆಯಲ್ಲೇ ತರಕಾರಿ, ಹೂವು ಬೆಳೆಯುವವರಿಗಾಗಿ ಕನ್ನಡದಲ್ಲಿ ಒಂದು ವೆಬ್‌ಸೈಟ್ ಶುರು ಮಾಡುವವಳಿದ್ದೇನೆ. ಲೇಖನಗಳು ತಯಾರಿವೆ, ಹೋಸ್ಟಿಂಗ್ ಗೊತ್ತಾಗಿದೆ, ಹೆಸರೊಂದೇ ಬಾಕಿ. 'ಕೈತೋಟ' ಅನ್ನುವ ಪದ ಹೆಸರಿನಲ್ಲಿ ಇರಲಿ ಅಂತ ಆಸೆ. ನನಗೆ ಬೇಕಾದ ಕಾಗುಣಿತದಲ್ಲಿ ಡಾಟ್ ಕಾಂ ಸಿಗದೇ ಹೋದರೆ ನಡುವೆ ಹೈಫನ್ ಹಾಕುವುದು ಒಳ್ಳೆಯದೋ, ಡಾಟ್ ಕೊ, ಡಾಟ್ ಐಒ ಥರದ್ದನ್ನು ತಗೊಳ್ಳುವುದೋ? ಸೈಟ್ ಕನ್ನಡದ್ದೇ ಆದ್ದರಿಂದ ಕನ್ನಡ ಲಿಪಿಯ ಡೊಮೈನ್ ಮಾಡಿಸಿದರೆ ಹೇಗೆ? ಹೆಸರಿನಲ್ಲಿ ವಿಷಯದ ಪದ ಇದ್ದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆ ಅನ್ನುವುದು ನಿಜವೇ?

---

ವಲಯಕಡತ ಉತ್ತರ:

ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ ಡಾಟ್ ಕಾಂ ಥರದ ಭಾಗ) ವಿಚಾರ ಆಮೇಲೆ. ಮೊದಲು 'ಕೈತೋಟ'ವನ್ನು ಇಂಗ್ಲಿಷ್ ಅಕ್ಷರದಲ್ಲಿ ಜನ ಹೇಗೆ ಬರೆಯುತ್ತಾರೆ ನೋಡಿ. 'ಕೈ'ಗೆ ಕೆ-ಎ-ಐ, ಕೆ-ಎ-ವೈ, ಕೆ-ವೈ ಮೂರೂ ಬಳಕೆಯಲ್ಲಿವೆ. 'ತೋಟ'ಕ್ಕೆ ಒಬ್ಬರು ಬರೀ ಟಿ ಬರೆದರೆ ಇನ್ನೊಬ್ಬರು ಟಿ-ಎಚ್ ಬರೆಯುತ್ತಾರೆ. ಅಲ್ಲಿಗೆ ಒಂದೇ ಹೆಸರಿಗೆ ಆರು ವಿಳಾಸ. ನೀವು ಒಂದನ್ನು ಕೊಂಡರೆ ಉಳಿದ ಐದಕ್ಕೆ ಹೋದವರು ನಿಮಗೆ ಸಿಗುವುದಿಲ್ಲ. ಕನ್ನಡ ಹೆಸರಿನ ಡೊಮೈನ್‌ಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಹೆಸರು ಚೆನ್ನಾಗಿರುತ್ತದೆ, ಕೇಳಿದವರು ಟೈಪ್ ಮಾಡುವುದು ಮಾತ್ರ ಬೇರೆ.

ತೊಂದರೆ ಕೊಡುವ ಧ್ವನಿಗಳು ಇಷ್ಟು: ಐ (ಕೈ), ದೀರ್ಘ ಈ ಮತ್ತು ಊ (ಬೀಜ, ಹೂವು), ತ ಮತ್ತು ದ (ಎಚ್ ಸೇರಿಸಬೇಕೋ ಬೇಡವೋ), ವ (ವಿ ಅಥವಾ ಡಬ್ಲ್ಯು), ಶ ಮತ್ತು ಷ, ಮಹಾಪ್ರಾಣಗಳು, ಪದದ ಮೊದಲಲ್ಲಿ ಬರುವ ಎ ಮತ್ತು ಒ (ಕೆಲವರು 'ಎಲೆ'ಯನ್ನು ವೈ ಹಾಕಿ ಶುರು ಮಾಡುತ್ತಾರೆ). ಇವು ಇಲ್ಲದ ಪದಗಳನ್ನು ಹೆಚ್ಚುಕಡಿಮೆ ಎಲ್ಲರೂ ಒಂದೇ ರೀತಿ ಬರೆಯುತ್ತಾರೆ: ಚಿಗುರು, ಬಳ್ಳಿ, ಮಣ್ಣು, ಗಿಡ, ಹಸಿರು, ನೆಲ. ನಿಮ್ಮ ವಿಷಯಕ್ಕೆ ಇಂಥ ಪದ ಧಾರಾಳವಾಗಿವೆ, ಅದು ಅನುಕೂಲವೇ.

ಪದ ಜೋಡಿಸುವಾಗ ಕೂಡುವ ಜಾಗ ನೋಡಿಕೊಳ್ಳಿ. 'ಹಸಿರು' ಮತ್ತು 'ಉಸಿರು' ಸೇರಿಸಿದರೆ ನಡುವೆ ಎರಡು ಯು ಬರುತ್ತದೆ. ಬಾಯಲ್ಲಿ ಹೇಳುವಾಗ ಸಂಧಿಯಾಗಿ 'ಹಸಿರುಸಿರು' ಆಗುತ್ತದೆ, ಕೇಳಿದವರು ಒಂದೇ ಯು ಹಾಕುತ್ತಾರೆ. ಮೊದಲ ಪದ ಮುಗಿಯುವ ಅಕ್ಷರದಿಂದಲೇ ಎರಡನೆಯದು ಶುರುವಾಗದಿರಲಿ. ಆರ್ ಮತ್ತು ಎನ್ ಅಕ್ಕಪಕ್ಕ ಬಂದರೆ ಸಣ್ಣ ಅಕ್ಷರದಲ್ಲಿ ಎಂ ಥರ ಕಾಣುತ್ತದೆ. 'ಪೂರ್ಣ' ಅಂತ ಬರೆದದ್ದು ಮೊಬೈಲ್ ಪರದೆಯಲ್ಲಿ 'ಪೂಮಾ' ಅಂತ ಓದಿಸಿಕೊಳ್ಳುತ್ತದೆ. ಸಣ್ಣ ಎಲ್ ಮತ್ತು ಅಂಕಿ ಒಂದು, ಒ ಮತ್ತು ಸೊನ್ನೆ ಹೀಗೇ. ಅಂಕಿಗಳು ಬೇಡವೇ ಬೇಡ: 'ನಾಲ್ಕು' ಅಂದರೆ ಅಂಕಿಯೋ ಅಕ್ಷರವೋ ಅಂತ ಪ್ರತಿ ಸಲವೂ ಹೇಳಬೇಕಾಗುತ್ತದೆ. ಎಲ್ಲ ಸಣ್ಣಕ್ಷರದಲ್ಲಿ ಒಟ್ಟಿಗೆ ಬರೆದಾಗ ಪದ ಬೇರೆ ಕಡೆ ಒಡೆದು ಕೆಟ್ಟ ಅರ್ಥ ಬರುತ್ತದೆಯೇ ಅಂತ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಓದಿ ನೋಡಿ. ಬರೆದವರ ಕಣ್ಣಿಗೆ ಅದು ಬೀಳುವುದಿಲ್ಲ, ಬೇರೆಯವರಿಗೆ ತೋರಿಸಿ.

ಪರೀಕ್ಷೆ ಸುಲಭ. ಮೂರು ಹೆಸರು ಉಳಿಸಿಕೊಂಡು, ವಿಷಯ ಗೊತ್ತಿಲ್ಲದ ಐದಾರು ಜನಕ್ಕೆ ಫೋನ್ ಮಾಡಿ. ಹೆಸರನ್ನು ಒಂದೇ ಸಲ ಹೇಳಿ, ಅಕ್ಷರ ಬಿಡಿಸಿ ಹೇಳಬೇಡಿ. ಬ್ರೌಸರ್‌ನ ವಿಳಾಸ ಪಟ್ಟಿಯಲ್ಲಿ ಟೈಪ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಿ ಅನ್ನಿ. ಎಲ್ಲರದ್ದೂ ಒಂದೇ ಬಂದರೆ ಆ ಹೆಸರು ಪಾಸು. ಇಬ್ಬರದ್ದು ಬೇರೆ ಬಂತೋ, ಹೆಸರು ಎಷ್ಟೇ ಇಷ್ಟವಾಗಿದ್ದರೂ ಬಿಡಿ.

ಉದ್ದ: ನಿಯಮದ ಪ್ರಕಾರ ಚುಕ್ಕಿಗಳ ನಡುವಿನ ಒಂದು ಭಾಗದಲ್ಲಿ 63 ಅಕ್ಷರದವರೆಗೆ ಇರಬಹುದು. ವ್ಯವಹಾರಕ್ಕೆ 6ರಿಂದ 14 ಸಾಕು. ಹಿಂದೆ ಟ್ವಿಟರ್ ಆಗಿದ್ದ ಎಕ್ಸ್‌ನಲ್ಲಿ ಬಳಕೆದಾರ ಹೆಸರಿಗೆ 15 ಅಕ್ಷರದ ಮಿತಿ ಇದೆ, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನಲ್ಲಿ 30. 15ರ ಒಳಗಿದ್ದರೆ ಎಲ್ಲ ಕಡೆ ಒಂದೇ ಕಾಗುಣಿತ ಇಟ್ಟುಕೊಳ್ಳಬಹುದು. ಡೊಮೈನ್ ಕೊಳ್ಳುವ ಮೊದಲೇ ಅವೂ ಖಾಲಿ ಇವೆಯೇ ನೋಡಿ.

ಹೈಫನ್: ತಾಂತ್ರಿಕವಾಗಿ ಅಡ್ಡಿಯಿಲ್ಲ, ಮೊದಲಲ್ಲಿ ಮತ್ತು ಕೊನೆಯಲ್ಲಿ ಮಾತ್ರ ಬರುವಂತಿಲ್ಲ. ಅಂಡರ್‌ಸ್ಕೋರ್‌ಗೆ ಅವಕಾಶವೇ ಇಲ್ಲ. ಆದರೆ ಮಾತಿನಲ್ಲಿ ಹೈಫನ್ ಬಿದ್ದುಹೋಗುತ್ತದೆ. ಹೈಫನ್ ಇಲ್ಲದ ಅದೇ ಹೆಸರಿನಲ್ಲಿ ಬೇರೆಯವರ ಸೈಟ್ ನಡೆಯುತ್ತಿದ್ದರೆ ನೀವು ಮಾಡುವ ಪ್ರಚಾರವೆಲ್ಲ ಅವರಿಗೆ ಹೋಗುತ್ತದೆ. ಎರಡೂ ನಿಮ್ಮ ಕೈಯಲ್ಲಿದ್ದರೆ ಮಾತ್ರ ಹೈಫನ್ ಯೋಚಿಸಿ, ಆಗ ಅದರ ಅಗತ್ಯವೂ ಉಳಿಯುವುದಿಲ್ಲ.

---

ಬೇರುಮಟ್ಟ ಉತ್ತರ:

ಎಕ್ಸ್‌ಟೆನ್ಶನ್ ಬಗ್ಗೆ ನಾನು ಹೇಳುತ್ತೇನೆ. ಡಾಟ್ ಕಾಂ, ಡಾಟ್ ಆರ್ಗ್, ಡಾಟ್ ನೆಟ್ ಇವು ಜೆನೆರಿಕ್, ಅಂದರೆ ಯಾವ ದೇಶಕ್ಕೂ ಸೇರದವು. ಎರಡೇ ಅಕ್ಷರದವು ದೇಶ ಅಥವಾ ಪ್ರದೇಶಗಳಿಗೆ ಸೇರಿದವು: ಡಾಟ್ ಕೊ ಕೊಲಂಬಿಯಾದ್ದು, ಡಾಟ್ ಎಐ ಆಂಗ್ವಿಲ್ಲಾದ್ದು, ಡಾಟ್ ಎಂಇ ಮಾಂಟೆನೆಗ್ರೊದ್ದು, ಡಾಟ್ ಟಿವಿ ಟುವಾಲುವಿನದ್ದು. ಚೆಂದ ಕಾಣುತ್ತದೆ ಅಂತ ತಗೊಳ್ಳುವವರು ಈ ಭಾಗವನ್ನು ಗಮನಿಸುವುದಿಲ್ಲ. ಅಲ್ಲಿ ನಿಯಮ, ದರ, ವ್ಯಾಜ್ಯದ ದಾರಿ ಎಲ್ಲ ಆಯಾ ದೇಶದ ರಿಜಿಸ್ಟ್ರಿ (ಆ ಎಕ್ಸ್‌ಟೆನ್ಶನ್ ನಡೆಸುವ ಸಂಸ್ಥೆ) ಹೇಳಿದ ಹಾಗೆ. ರಾಜಕೀಯ ಬದಲಾದರೆ ಹೆಸರೂ ಅಲುಗಾಡುತ್ತದೆ. ಯುಗೊಸ್ಲಾವಿಯಾದ ಡಾಟ್ ವೈಯು 2010ರಲ್ಲಿ ಪೂರ್ತಿ ಅಳಿಸಿಹೋಯಿತು. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ ಮೇಲೆ, 2021ರ ಆರಂಭದಿಂದ, ಡಾಟ್ ಇಯು ಇಟ್ಟುಕೊಳ್ಳುವ ಅರ್ಹತೆಯನ್ನು ಅಲ್ಲಿನ ಬಹಳಷ್ಟು ಮಾಲೀಕರು ಕಳೆದುಕೊಂಡರು. ಡಾಟ್ ಐಒ ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ ಸಂಕೇತ. ಆ ದ್ವೀಪಗಳ ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ 2025ರ ಮೇ ತಿಂಗಳಲ್ಲಿ ಸಹಿ ಬಿದ್ದಿದೆ. ನಾಳೆಯೇ ಏನೂ ಆಗುವುದಿಲ್ಲ, ದೇಶದ ಸಂಕೇತ ಪಟ್ಟಿಯಿಂದ ಹೋದರೂ ಅದನ್ನು ಮುಚ್ಚಲು ವರ್ಷಗಟ್ಟಲೆ ಕಾಲಾವಕಾಶ ಕೊಡುವ ನೀತಿ ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ ಐಕಾನ್‌ನಲ್ಲಿದೆ. ಆದರೂ ದಶಕಗಟ್ಟಲೆ ನಡೆಸುವ ಸೈಟಿಗೆ ಇಂಥ ತಳಪಾಯ ಯಾಕೆ?

ಡಾಟ್ ಕೊಗೆ ಇನ್ನೊಂದು ಸಮಸ್ಯೆ ಇದೆ. ಜನರ ಬೆರಳು ತಾನಾಗಿ ಕೊನೆಯ ಎಂ ಹಾಕಿಬಿಡುತ್ತದೆ. ಸೈಟಿಗೆ ಬರಬೇಕಾದವರು ತಪ್ಪಿದರೆ ಹೋಗಲಿ ಅನ್ನಬಹುದು. ಆದರೆ ನಿಮಗೆ ಬರೆದ ಇಮೇಲ್ ಡಾಟ್ ಕಾಂ ಮಾಲೀಕರಿಗೆ ಹೋಗುತ್ತದೆ, ಕಳಿಸಿದವರಿಗೆ ತಪ್ಪಿದ್ದು ಗೊತ್ತೂ ಆಗುವುದಿಲ್ಲ.

ಐಕಾನ್ 2012ರಲ್ಲಿ ನಡೆಸಿದ ಅರ್ಜಿ ಸುತ್ತಿನ ನಂತರ ಬಂದ ಹೊಸ ಎಕ್ಸ್‌ಟೆನ್ಶನ್‌ಗಳಲ್ಲಿ (ಡಾಟ್ ಗಾರ್ಡನ್ ಅಂತಲೂ ಒಂದಿದೆ) ಮೂರು ವಿಷಯ ನೋಡಿ. ಒಂದು, ಮೊದಲ ವರ್ಷದ ದರವನ್ನಲ್ಲ, ನವೀಕರಣದ ದರವನ್ನು ನೋಡಿ. ಎರಡು, 'ಪ್ರೀಮಿಯಂ' ಅಂತ ಗುರುತು ಮಾಡಿದ ಹೆಸರಿಗೆ ಪ್ರತಿ ವರ್ಷವೂ ಆ ಹೆಚ್ಚಿನ ದರವೇ ಇರಬಹುದು, ಕೊಳ್ಳುವಾಗ ಒಪ್ಪಿಕೊಂಡಿರಿ ಅಂದರೆ ಆಮೇಲೆ ತಕರಾರು ಮಾಡಲು ಆಗುವುದಿಲ್ಲ. ಮೂರು, ಡಾಟ್ ಕಾಂ ಸಗಟು ದರಕ್ಕೆ ಒಪ್ಪಂದದಲ್ಲೇ ಮಿತಿ ಇದೆ, ಹೊಸ ಎಕ್ಸ್‌ಟೆನ್ಶನ್‌ಗಳಿಗೆ ಅಂಥ ಮಿತಿ ಇಲ್ಲ. ನವೀಕರಣ ದರ ಏರಿಸುವ ಮೊದಲು, ನಮಗೆ ಹೆಸರು ಮಾರುವ ಕಂಪನಿಗಳಾದ ರಿಜಿಸ್ಟ್ರಾರ್‌ಗಳಿಗೆ 180 ದಿನ ಮುಂಚೆ ತಿಳಿಸಬೇಕು, ಹಳೇ ದರದಲ್ಲಿ ಒಟ್ಟು 10 ವರ್ಷದವರೆಗೆ ನವೀಕರಿಸಿಕೊಳ್ಳಲು ಬಿಡಬೇಕು, ಅಷ್ಟು ರಕ್ಷಣೆ ಇದೆ. ಡಾಟ್ ಡೆವ್, ಡಾಟ್ ಆಪ್ ತಗೊಂಡರೆ ಸೈಟ್ ಸುರಕ್ಷಿತ ಸಂಪರ್ಕವಾದ ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ತೆರೆಯುತ್ತದೆ, ಬ್ರೌಸರ್‌ಗಳ ಒಳಗಿನ ಪಟ್ಟಿಯಲ್ಲೇ ಆ ನಿಯಮ ಸೇರಿದೆ. ಅದಕ್ಕೆ ಬೇಕಾದ ಸರ್ಟಿಫಿಕೇಟ್ ಹಾಕುವ ಮೊದಲು 'ಸೈಟ್ ಬರ್ತಿಲ್ಲ' ಅಂತ ಒದ್ದಾಡುವವರು ಇದನ್ನು ತಿಳಿದಿರುವುದಿಲ್ಲ.

ಗೂಗಲ್ ಪ್ರಶ್ನೆ: ಹೆಸರಿನಲ್ಲಿ ವಿಷಯದ ಪದ ಇದ್ದಮಾತ್ರಕ್ಕೆ ಮೇಲೆ ಬರುವ ಕಾಲ ಮುಗಿದಿದೆ. ಸತ್ವವಿಲ್ಲದೆ ಬರೀ ಹೆಸರಿನ ಬಲದಿಂದ ಮೇಲೆ ಬರುತ್ತಿದ್ದ ಸೈಟುಗಳನ್ನು ಕೆಳಗಿಳಿಸುವ ಬದಲಾವಣೆಯನ್ನು ಗೂಗಲ್ 2012ರ ಸೆಪ್ಟೆಂಬರ್‌ನಲ್ಲೇ ತಂದಿತು. ಜೆನೆರಿಕ್ ಎಕ್ಸ್‌ಟೆನ್ಶನ್‌ಗಳಲ್ಲಿ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಅಂತಲೂ ಇಲ್ಲ. ದೇಶದ ಎಕ್ಸ್‌ಟೆನ್ಶನ್ ಮಾತ್ರ 'ಈ ಸೈಟ್ ಆ ದೇಶದ ಓದುಗರಿಗೆ' ಅನ್ನುವ ಸೂಚನೆ ಕೊಡುತ್ತದೆ. ನಿಮ್ಮ ಓದುಗರು ಒಂದೇ ದೇಶದಲ್ಲಿದ್ದರೆ ಆ ದೇಶದ್ದು ಡಾಟ್ ಕಾಂನಷ್ಟೇ ಒಳ್ಳೆಯ ಆಯ್ಕೆ.

---

ಅಕ್ಷರಮೋಹಿ ಉತ್ತರ:

ಕನ್ನಡ ಲಿಪಿ ವಿಚಾರಕ್ಕೆ ಬರುತ್ತೇನೆ. ಖಂಡಿತ ಸಿಗುತ್ತದೆ. ಡಾಟ್ ಭಾರತ ಎಂಬ ಎಕ್ಸ್‌ಟೆನ್ಶನ್ ಕನ್ನಡ ಲಿಪಿಯಲ್ಲೇ ಇದೆ, ಚುಕ್ಕಿಯ ಎಡಕ್ಕೆ ಬಲಕ್ಕೆ ಎರಡೂ ಕಡೆ ಕನ್ನಡ ಬರೆಯಬಹುದು. ಮೇಲೆ ವಲಯಕಡತ ಹೇಳಿದ ಆರು ಕಾಗುಣಿತದ ಕಷ್ಟ ಇಲ್ಲಿ ಒಂದೇ ಏಟಿಗೆ ಹೋಗುತ್ತದೆ. 'ಕೈತೋಟ'ವನ್ನು ಕನ್ನಡದಲ್ಲಿ ಎರಡು ಥರ ಬರೆಯುವವರಿಲ್ಲ.

ಆದರೆ ಡಿಎನ್ಎಸ್ (ಹೆಸರಿನಿಂದ ಸರ್ವರ್ ಹುಡುಕುವ ವ್ಯವಸ್ಥೆ) ಒಳಗೆ ಕನ್ನಡ ಹೋಗುವುದಿಲ್ಲ. ಹೆಸರು ಪ್ಯೂನಿಕೋಡ್ ಎಂಬ ರೂಪಕ್ಕೆ ಬದಲಾಗುತ್ತದೆ: ಎಕ್ಸ್, ಎನ್, ಎರಡು ಹೈಫನ್, ಆಮೇಲೆ ಅರ್ಥವಾಗದ ಅಕ್ಷರಮಾಲೆ. 63ರ ಮಿತಿ ಅನ್ವಯಿಸುವುದು ಈ ಬದಲಾದ ರೂಪಕ್ಕೆ. ಬ್ರೌಸರ್‌ನಲ್ಲಿ ಕನ್ನಡವಾಗಿ ಕಂಡರೂ ಕೊಂಡಿಯನ್ನು ನಕಲು ಮಾಡಿ ಚಾಟ್‌ನಲ್ಲಿ ಅಂಟಿಸಿದರೆ ಎಷ್ಟೋ ಸಲ ಈ ಗೋಜಲು ರೂಪವೇ ಬರುತ್ತದೆ, ನೋಡಿದವರು ವೈರಸ್ ಕೊಂಡಿ ಅಂದುಕೊಂಡು ಒತ್ತುವುದಿಲ್ಲ. ಕನ್ನಡ ಅಕ್ಷರದ ಜೊತೆ ಅದರಂತೆಯೇ ಕಾಣುವ ತೆಲುಗು ಅಕ್ಷರ ಒಂದು ಸೇರಿದರೂ ಬ್ರೌಸರ್ ಅನುಮಾನಪಟ್ಟು ಪ್ಯೂನಿಕೋಡ್ ತೋರಿಸುತ್ತದೆ. ಹಾಗಾಗಿ ಹೆಸರನ್ನು ಕೀಲಿಮಣೆಯಲ್ಲಿ ನೀವೇ ಟೈಪ್ ಮಾಡಿ, ಎಲ್ಲಿಂದಲೋ ನಕಲು ಮಾಡಬೇಡಿ.

'ರಾಜ್‌ಕುಮಾರ್' ಥರ ನಡುವೆ ಒತ್ತು ಕೂಡದಂತೆ ತಡೆದು ಬರೆಯುವ ಪದ ಬೇಡ. ಅಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಹಳೆಯ ತಂತ್ರಾಂಶ ಅದನ್ನು ಕಿತ್ತುಹಾಕುತ್ತದೆ, ಆಗ ಹೆಸರೇ ಬೇರೆಯಾಗುತ್ತದೆ.

ಇಮೇಲ್ ಇನ್ನೂ ಕಷ್ಟ. ಕನ್ನಡ ಲಿಪಿಯ ವಿಳಾಸವನ್ನು ಬಹಳಷ್ಟು ಅರ್ಜಿ ನಮೂನೆಗಳು 'ತಪ್ಪು ವಿಳಾಸ' ಅಂತ ತಳ್ಳಿಹಾಕುತ್ತವೆ, ಕಳಿಸುವ ಮತ್ತು ಪಡೆಯುವ ಎರಡೂ ಕಡೆಯ ಸರ್ವರ್ ಒಪ್ಪಿದರೆ ಮಾತ್ರ ಮೇಲ್ ಹೋಗುತ್ತದೆ. ನನ್ನ ಸಲಹೆ: ಇಂಗ್ಲಿಷ್ ಅಕ್ಷರದ್ದು ಮುಖ್ಯ ವಿಳಾಸವಾಗಿರಲಿ, ಕನ್ನಡದ್ದನ್ನೂ ಕೊಂಡು ಅದಕ್ಕೆ ತಿರುಗಿಸಿ. ಮುದ್ರಿಸುವ ಕಡೆಯೆಲ್ಲ ಕನ್ನಡದ್ದನ್ನೂ ಹಾಕಿ. ಕನ್ನಡದಲ್ಲಿ ಟೈಪ್ ಮಾಡುವ ಓದುಗ ಬಂದಾಗ ಬಾಗಿಲು ತೆರೆದಿರಬೇಕು.

---

ಮಲ್ಲಿಗೆಬಳ್ಳಿ:

ಎಲ್ಲರಿಗೂ ಧನ್ಯವಾದ. 'ಕೈತೋಟ' ಬಿಟ್ಟು 'ಚಿಗುರು', 'ಮಣ್ಣು', 'ಬಳ್ಳಿ' ಸೇರಿಸಿ ಕೆಲವು ಜೋಡಿ ಮಾಡಿದೆ. ಒಂದು ಹೆಸರು ಖಾಲಿ ಇದೆ, ಆದರೆ ಹಿಂದೆ ಯಾರದ್ದೋ ಆಗಿತ್ತು ಅನ್ನಿಸುತ್ತಿದೆ. ಇನ್ನೊಂದರಲ್ಲಿ ಬರೀ ಜಾಹೀರಾತು ಪುಟ, ಮಾರಾಟಕ್ಕಿದೆ ಅಂತ ಬರೆದಿದೆ. ಯಾವುದಕ್ಕೆ ಹೋಗಲಿ?

---

ವಲಯಕಡತ ಉತ್ತರ:

ಹಿಂದೆ ಬಳಕೆಯಾದ ಹೆಸರನ್ನು ತನಿಖೆ ಮಾಡದೆ ತಗೊಳ್ಳಬೇಡಿ. ನೋಡಬೇಕಾದ ಕ್ರಮ ಹೀಗೆ. ಮೊದಲು ಹಳೇ ವೆಬ್ ಪುಟಗಳ ಪ್ರತಿ ಇಡುವ ವೇಬ್ಯಾಕ್ ಮೆಷಿನ್‌ನಲ್ಲಿ ಹೆಸರು ಹಾಕಿ ವರ್ಷ ವರ್ಷದ ಪ್ರತಿ ತೆರೆಯಿರಿ. ಒಂದೆರಡು ವರ್ಷ ಒಳ್ಳೆಯ ಸೈಟ್, ಆಮೇಲೆ ಖಾಲಿ, ಆಮೇಲೆ ಇದ್ದಕ್ಕಿದ್ದಂತೆ ಜೂಜಿನ ಪುಟಗಳೋ ಬೇರೆ ಭಾಷೆಯ ಔಷಧಿ ಜಾಹೀರಾತೋ ಕಂಡರೆ ಅವಧಿ ಮುಗಿದ ಹೆಸರನ್ನು ಯಾರೋ ಸ್ಪ್ಯಾಮ್‌ಗೆ ಬಳಸಿ ಬಿಸಾಡಿದ್ದಾರೆ ಅಂತ ಅರ್ಥ. ಆಮೇಲೆ ಗೂಗಲ್‌ನಲ್ಲಿ 'ಸೈಟ್' ಎಂಬ ಆಪರೇಟರ್ ಜೊತೆ ಹೆಸರು ಹುಡುಕಿ, ಹಳೇ ಕಸದ ಪುಟಗಳು ಇನ್ನೂ ಪಟ್ಟಿಯಲ್ಲಿವೆಯೇ ನೋಡಿ. ಮೂರನೆಯದು ಸ್ಪ್ಯಾಮ್‌ಹೌಸ್ ಥರದ ತಡೆಪಟ್ಟಿ. ಅದರಲ್ಲಿದ್ದರೆ ನೀವು ಕಳಿಸುವ ಮೇಲ್ ಬಹಳಷ್ಟು ಜನರಿಗೆ ಮುಟ್ಟುವುದಿಲ್ಲ. ನಾಲ್ಕನೆಯದು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ದಾಖಲೆ. ಈ ಹೆಸರಿಗೆ ಯಾವಾಗ, ಯಾವ ಸಬ್‌ಡೊಮೈನ್‌ಗೆ ಸರ್ಟಿಫಿಕೇಟ್ ಕೊಟ್ಟಿದ್ದರು ಅನ್ನುವುದು ಅಲ್ಲಿ ಸಾರ್ವಜನಿಕವಾಗಿದೆ. ಡೊಮೈನ್ ನೋಂದಣಿಯ ವಿವರ ತೋರಿಸುವ ಆರ್‌ಡಿಎಪಿಯಲ್ಲಿ ಕಾಣುವ 'ರಚನೆಯಾದ ದಿನ' ಈಗಿನ ನೋಂದಣಿಯದ್ದು ಮಾತ್ರ, ನಡುವೆ ಒಮ್ಮೆ ಅಳಿಸಿಹೋಗಿದ್ದರೆ ಅದಕ್ಕೂ ಮೊದಲಿನ ಕತೆ ಅದರಲ್ಲಿ ಬರುವುದಿಲ್ಲ. ಜೆನೆರಿಕ್ ಹೆಸರುಗಳಿಗೆ ಈಗ ಇದೇ ಕೆಲಸದ ಹಳೇ ವ್ಯವಸ್ಥೆ ಹೂಇಸ್ ಬದಲು ಆರ್‌ಡಿಎಪಿಯನ್ನೇ ನೋಡಿ, 2025ರ ಜನವರಿ 28ರಿಂದ ಹೂಇಸ್ ಕಡ್ಡಾಯವಿಲ್ಲ.

ಇತಿಹಾಸ ಶುದ್ಧವಾಗಿದ್ದರೆ ಹಳೇ ಹೆಸರು ಅಂತ ಹೆದರಬೇಕಿಲ್ಲ. ಕೊಂಡ ದಿನವೇ, ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ಗೆ ಸೇರಿಸಿ 'ಮ್ಯಾನ್ಯುಯಲ್ ಆಕ್ಷನ್ಸ್' ಮತ್ತು 'ಸೆಕ್ಯುರಿಟಿ ಇಶ್ಯೂಸ್' ಎರಡು ಪುಟ ನೋಡಿಬಿಡಿ. ಹಿಂದಿನವರ ಪಾಪಕ್ಕೆ ದಂಡ ಬಿದ್ದಿದ್ದರೆ ಅಲ್ಲೇ ಕಾಣುತ್ತದೆ, ಮಾಲೀಕತ್ವ ಬದಲಾಗಿದೆ ಅಂತ ಬರೆದು ಮರುಪರಿಶೀಲನೆ ಕೇಳಬಹುದು.

ಮಾರಾಟಕ್ಕಿಟ್ಟ ಹೆಸರನ್ನು ಬಿಟ್ಟುಬಿಡಿ ಅನ್ನುತ್ತೇನೆ. ಲೇಖನ ಓದಲು ಬರುವವರಿಗೆ ಹೆಸರು ಚಿಕ್ಕದಾಗಿ, ಸರಿಯಾಗಿ ಟೈಪ್ ಮಾಡುವಂತಿದ್ದರೆ ಸಾಕು, ಅದಕ್ಕಾಗಿ ದೊಡ್ಡ ಮೊತ್ತ ಸುರಿಯುವ ಅಗತ್ಯವಿಲ್ಲ. ಕೊಳ್ಳಲೇಬೇಕು ಅಂತಾದರೆ ಹಣವನ್ನು ನೇರ ಕಳಿಸಬೇಡಿ, ಎಸ್ಕ್ರೋ ಮೂಲಕ ಮಾಡಿ: ಹೆಸರು ನಿಮ್ಮ ಖಾತೆಗೆ ಬಂದ ಮೇಲೆ ಅವರಿಗೆ ಹಣ. ವ್ಯಾಜ್ಯ ಹೂಡಿ ಪಡೆಯುತ್ತೇನೆ ಅನ್ನುವ ಯೋಚನೆ ಬೇಡ. 1999ರಿಂದ ಇರುವ, ಡೊಮೈನ್ ಹೆಸರಿನ ವ್ಯಾಜ್ಯ ತೀರಿಸುವ ಯುಡಿಆರ್‌ಪಿ ನಿಯಮದಲ್ಲಿ ಮೂರು ಅಂಶ ಸಾಬೀತು ಮಾಡಬೇಕು: ಹೆಸರು ನಿಮ್ಮ ಟ್ರೇಡ್‌ಮಾರ್ಕ್‌ಗೆ ಗೊಂದಲವಾಗುವಷ್ಟು ಹತ್ತಿರ ಇದೆ, ಅವರಿಗೆ ಅದರ ಮೇಲೆ ನ್ಯಾಯವಾದ ಹಿತಾಸಕ್ತಿ ಇಲ್ಲ, ನೋಂದಣಿ ಮತ್ತು ಬಳಕೆ ಎರಡೂ ದುರುದ್ದೇಶದ್ದು. ನಿಮ್ಮ ಸೈಟ್ ಹುಟ್ಟುವ ಮೊದಲೇ ಅವರು ಕೊಂಡಿದ್ದರೆ ಮೂರನೆಯದು ನಿಲ್ಲುವುದಿಲ್ಲ. ಇದೇ ನಿಯಮ ನಿಮ್ಮ ವಿರುದ್ಧವೂ ಬರಬಹುದು, ಆದ್ದರಿಂದ ಆರಿಸಿದ ಹೆಸರನ್ನು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೊದ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್‌ನಲ್ಲಿ ಒಮ್ಮೆ ಹುಡುಕಿ. ಬೀಜ, ಗೊಬ್ಬರ, ತೋಟದ ಸಾಮಾನು ಮಾರುವ ಬ್ರ್ಯಾಂಡ್ ಅದೇ ಹೆಸರಿನಲ್ಲಿದ್ದರೆ ದೂರ ಇರಿ. ಸಿಮೆಂಟ್ ಕಂಪನಿಯದ್ದಾದರೆ ಅಷ್ಟು ಚಿಂತೆಯಿಲ್ಲ, ಅದು ಬಹಳ ಪ್ರಸಿದ್ಧವಾಗಿರದಿದ್ದರೆ.

---

ಬೇರುಮಟ್ಟ ಉತ್ತರ:

ಒಂದು ಸೇರಿಸುತ್ತೇನೆ. ಹಳೇ ಹೆಸರು ಕೊಂಡರೆ ಹಿಂದಿನ ಮಾಲೀಕರಿಗೆ ಬರಬೇಕಾದ ಮೇಲ್‌ಗಳು ನಿಮಗೆ ಬರಲು ಶುರುವಾಗಬಹುದು, ಅವರು ಪಡೆದ ಸರ್ಟಿಫಿಕೇಟ್‌ನ ಅವಧಿ ಇನ್ನೂ ಉಳಿದಿರಬಹುದು. ಎಲ್ಲ ವಿಳಾಸದ ಮೇಲ್ ಹಿಡಿಯುವ 'ಕ್ಯಾಚ್-ಆಲ್' ಆನ್ ಮಾಡಬೇಡಿ, ನಿಮಗೆ ಬೇಕಾದ ವಿಳಾಸ ಮಾತ್ರ ತೆರೆಯಿರಿ.

---

ಸರ್ವರ್‌ಕೋಣೆ ಉತ್ತರ:

ಕೊಂಡ ಮೇಲಿನ ಕೆಲಸ ಯಾರೂ ಬರೆದಿಲ್ಲ, ಹೆಸರು ಕೈತಪ್ಪುವುದು ಅಲ್ಲಿಯೇ.

ನೋಂದಣಿ ನಿಮ್ಮ ಹೆಸರಿನಲ್ಲೇ, ನಿಮ್ಮದೇ ಖಾತೆಯಲ್ಲಿ ಆಗಬೇಕು. ಸೈಟ್ ಮಾಡಿಕೊಡುವವರ ಖಾತೆಯಲ್ಲಿ ಆದರೆ ದಾಖಲೆಯ ಪ್ರಕಾರ ಮಾಲೀಕರು ಅವರೇ. ಖಾತೆಗೆ ಕೊಡುವ ಇಮೇಲ್ ಅದೇ ಡೊಮೈನ್‌ನದ್ದಾಗಿರಬಾರದು. ಕಾರಣ ನೋಡಿ: ಜೆನೆರಿಕ್ ಹೆಸರುಗಳಿಗೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮುಂಚೆ, ಒಂದು ವಾರ ಮುಂಚೆ, ಮುಗಿದ ಐದು ದಿನದೊಳಗೆ ಹೀಗೆ ಜ್ಞಾಪನೆ ಕಳಿಸುವುದು ಕಡ್ಡಾಯ. ಹೆಸರು ನಿಂತರೆ ಅದರ ಮೇಲ್ ಕೂಡ ನಿಲ್ಲುತ್ತದೆ, ಕೊನೆಯ ಜ್ಞಾಪನೆಯೂ ಪಾಸ್‌ವರ್ಡ್ ಮರಳಿ ಪಡೆಯುವ ಸಂದೇಶವೂ ಬರುವುದೇ ಇಲ್ಲ.

ಕೊಂಡ ತಕ್ಷಣ ಇಮೇಲ್ ದೃಢೀಕರಿಸಿ ಅಂತ ಒಂದು ಸಂದೇಶ ಬರುತ್ತದೆ. 15 ದಿನದೊಳಗೆ ಅದರ ಕೊಂಡಿ ಒತ್ತದಿದ್ದರೆ ಹೆಸರನ್ನು ತಡೆಹಿಡಿಯುತ್ತಾರೆ, ಆರ್‌ಡಿಎಪಿಯಲ್ಲಿ 'ಕ್ಲೈಂಟ್ ಹೋಲ್ಡ್' ಅಂತ ಕಾಣುತ್ತದೆ. ಎರಡು ವಾರ ಚೆನ್ನಾಗಿ ನಡೆದ ಹೊಸ ಸೈಟ್ ಏಕಾಏಕಿ ಮಾಯವಾದರೆ ಸರ್ವರ್ ಮುಟ್ಟುವ ಮೊದಲು ಇದನ್ನು ನೋಡಿ.

ಆಟೋ ರಿನ್ಯೂ ಆನ್ ಇರಲಿ, ಜೊತೆಗೆ ಎರಡು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿ. ಆಟೋ ರಿನ್ಯೂ ಕೆಲಸ ಮಾಡದೇ ಹೋಗುವುದು ಹೆಚ್ಚಾಗಿ ಕಾರ್ಡಿನ ಅವಧಿ ಮುಗಿದು. ಡಾಟ್ ಕಾಂನಲ್ಲಿ ದಿನ ಮೀರಿದರೆ ಏನಾಗುತ್ತದೆ ಅಂದರೆ, ಮೊದಲು ರಿಜಿಸ್ಟ್ರಾರ್ ಕೊಡುವ ಗ್ರೇಸ್ ಅವಧಿ, ಹೆಚ್ಚೆಂದರೆ 45 ದಿನ. ಕೆಲವರು ಇದೇ ಅವಧಿಯಲ್ಲಿ ಹೆಸರನ್ನು ಹರಾಜಿಗೂ ಹಾಕುತ್ತಾರೆ. ಅಳಿಸಿದ ಮೇಲೆ 30 ದಿನ ರಿಡೆಂಪ್ಶನ್, ಆಗ ಬಿಡಿಸಿಕೊಳ್ಳಲು ಸಾಮಾನ್ಯ ದರಕ್ಕಿಂತ ಬಹಳ ಹೆಚ್ಚು ಕೇಳುತ್ತಾರೆ. ಕೊನೆಯ 5 ದಿನ ಪೆಂಡಿಂಗ್ ಡಿಲೀಟ್, ಅಲ್ಲಿ ಯಾರೂ ಏನೂ ಮಾಡಲಾಗದು. ಆಮೇಲೆ ಹೆಸರು ಬಿಡುಗಡೆಯಾದ ಕ್ಷಣದಲ್ಲೇ ಹಿಡಿಯುವ ತಂತ್ರಾಂಶಗಳು ಕಾದಿರುತ್ತವೆ. ದೇಶದ ಎಕ್ಸ್‌ಟೆನ್ಶನ್‌ಗಳಲ್ಲಿ ಈ ಲೆಕ್ಕ ಬೇರೆ, ಕೆಲವದರಲ್ಲಿ ಗ್ರೇಸ್ ಅವಧಿಯೇ ಇರುವುದಿಲ್ಲ.

ಎರಡು ಹಂತದ ಲಾಗಿನ್ ಹಾಕಿ, ಹೆಸರು ಬೇರೆ ಕಡೆ ಹೋಗದಂತೆ ತಡೆಯುವ ಟ್ರಾನ್ಸ್‌ಫರ್ ಲಾಕ್ ಹಾಕಿ. ಹೊಸದಾಗಿ ಕೊಂಡ ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಸಾಮಾನ್ಯವಾಗಿ 60 ದಿನ ಕಾಯಬೇಕು, ಆದ್ದರಿಂದ ರಿಜಿಸ್ಟ್ರಾರ್ ಆರಿಸುವಾಗಲೇ ನವೀಕರಣ ದರ ಮತ್ತು ಟ್ರಾನ್ಸ್‌ಫರ್ ಕೋಡ್ ಕೇಳಿದರೆ ತಾನಾಗಿ ಕೊಡುತ್ತಾರೆಯೇ ಅನ್ನುವುದನ್ನು ನೋಡಿಕೊಳ್ಳಿ. ಕೊಂಡ ಮೇಲೆ ಯಾರ್‍ಯಾರೋ ಬಿಲ್ ಕಳಿಸುತ್ತಾರೆ, 'ಸರ್ಚ್ ಇಂಜಿನ್ ನೋಂದಣಿ ಮುಗಿಯುತ್ತಿದೆ' ಅಂತೆಲ್ಲ. ನಿಮ್ಮ ರಿಜಿಸ್ಟ್ರಾರ್ ಖಾತೆಗೆ ಲಾಗಿನ್ ಆಗಿ ಅಲ್ಲಿ ಕಂಡ ಬಾಕಿ ಮಾತ್ರ ಕಟ್ಟಿ.

ಪಕ್ಕದ ಕಾಗುಣಿತಗಳಲ್ಲಿ ಒಂದೋ ಎರಡೋ ಕೊಂಡು ಮುಖ್ಯ ವಿಳಾಸಕ್ಕೆ ಶಾಶ್ವತವಾಗಿ ತಿರುಗಿಸುವ 301 ರೀಡೈರೆಕ್ಟ್ ಮಾಡಿ. ರಿಜಿಸ್ಟ್ರಾರ್ ಕೊಡುವ 'ಮಾಸ್ಕಿಂಗ್' ಆಯ್ಕೆ ಬೇಡ, ಅದು ನಿಮ್ಮ ಸೈಟನ್ನು ಚೌಕಟ್ಟಿನೊಳಗೆ ತೋರಿಸುತ್ತದೆ, ಎಲ್ಲ ಪುಟಕ್ಕೂ ಒಂದೇ ವಿಳಾಸ ಕಾಣುತ್ತದೆ. ತಿರುಗಿಸುವ ಹೆಸರುಗಳಿಗೂ ಸರ್ಟಿಫಿಕೇಟ್ ಬೇಕು, ಇಲ್ಲದಿದ್ದರೆ ತಿರುಗುವ ಮೊದಲೇ ಬ್ರೌಸರ್ ಎಚ್ಚರಿಕೆ ಪುಟ ತೋರಿಸಿ ನಿಲ್ಲಿಸುತ್ತದೆ. ಅಕ್ಷರಮೋಹಿ ಹೇಳಿದ ಕನ್ನಡ ಲಿಪಿಯ ಹೆಸರಿಗೂ ಇದೇ ಮಾತು, ಸರ್ಟಿಫಿಕೇಟ್ ಕೇಳುವಾಗ ಪ್ಯೂನಿಕೋಡ್ ರೂಪ ಕೊಡಬೇಕು. ಮೇಲ್ ಕಳಿಸದ ಈ ಹೆಚ್ಚುವರಿ ಹೆಸರುಗಳಿಗೆ 'ಇಲ್ಲಿಂದ ಯಾರೂ ಮೇಲ್ ಕಳಿಸುವುದಿಲ್ಲ' ಎಂಬ ಎಸ್‌ಪಿಎಫ್ ದಾಖಲೆ ಮತ್ತು ನಕಲಿ ಮೇಲ್ ಬಂದರೆ ಏನು ಮಾಡಬೇಕು ಅಂತ ಹೇಳುವ ಡಿಮಾರ್ಕ್‌ನಲ್ಲಿ 'ರಿಜೆಕ್ಟ್' ಹಾಕಿ. ಹಾಕದಿದ್ದರೆ ನಿಮ್ಮ ಹೆಸರಲ್ಲಿ ಬೇರೆಯವರು ಮೋಸದ ಮೇಲ್ ಕಳಿಸುವುದು ಸುಲಭವಾಗುತ್ತದೆ.

---

ಮಲ್ಲಿಗೆಬಳ್ಳಿ:

ಒಂದೇ ಪ್ರಶ್ನೆ ಉಳಿಯಿತು. ಈಗ ಒಂದು ಹೆಸರಲ್ಲಿ ಶುರು ಮಾಡಿ, ಮುಂದೆ ಒಳ್ಳೆಯದು ಸಿಕ್ಕಾಗ ಬದಲಿಸಬಹುದಲ್ಲವೇ?

---

ಸರ್ವರ್‌ಕೋಣೆ ಉತ್ತರ:

ಬದಲಿಸಬಹುದು, ಆದರೆ ಹಳೆಯದನ್ನು ಬಿಡಲಾಗುವುದಿಲ್ಲ. ಪ್ರತಿ ಹಳೇ ಪುಟದಿಂದ ಅದಕ್ಕೆ ಸರಿಸಮನಾದ ಹೊಸ ಪುಟಕ್ಕೆ 301 ಹಾಕಬೇಕು, ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ಕಾಣೆಯಾದ ಪುಟ ಅಂತಲೇ ಎಣಿಸಬಹುದು. ಸರ್ಚ್ ಕನ್ಸೋಲ್‌ನಲ್ಲಿ 'ಚೇಂಜ್ ಆಫ್ ಅಡ್ರೆಸ್' ಕೊಡಬೇಕು. ಕನಿಷ್ಠ ಒಂದು ವರ್ಷ ರೀಡೈರೆಕ್ಟ್ ಇಡಿ ಅಂತ ಗೂಗಲ್ ಹೇಳುತ್ತದೆ. ಬೇರೆ ಸೈಟ್‌ಗಳಲ್ಲಿರುವ ಕೊಂಡಿಗಳು, ಹಳೇ ಇಮೇಲ್ ವಿಳಾಸಕ್ಕೆ ಕಟ್ಟಿಕೊಂಡ ಖಾತೆಗಳು ಅಷ್ಟರಲ್ಲಿ ಮುಗಿಯುವುದಿಲ್ಲ, ಹಾಗಾಗಿ ಹಳೇ ಹೆಸರಿಗೂ ವರ್ಷ ವರ್ಷ ಹಣ ಕಟ್ಟುತ್ತಲೇ ಇರಬೇಕು. ಬಿಟ್ಟರೆ ಅದನ್ನು ಜೂಜಿನವರು ಎತ್ತಿಕೊಳ್ಳುತ್ತಾರೆ, ನಿಮ್ಮ ಓದುಗರು ಹಳೇ ಕೊಂಡಿ ಒತ್ತಿ ಅಲ್ಲಿಗೆ ಹೋಗುತ್ತಾರೆ. ಲೇಖನಗಳು ಹೇಗೂ ತಯಾರಿವೆ, ಒಂದು ವಾರ ತಡವಾದರೂ ಪರವಾಗಿಲ್ಲ. ವಲಯಕಡತ ಹೇಳಿದ ಫೋನ್ ಪರೀಕ್ಷೆ ಮುಗಿಸಿಯೇ ಕೊಳ್ಳಿ.